ಸಿಗಡಿಗಳ ಮೂವತ್ತು ದಿನದ ಮಡಿ

ಕ್ವಾರಂಟೈನ್ ಎಂಬ ಮಾತನ್ನು ಮದರಾಸಿನ ಕೀಲ್ಪಾಕಿನ ನಮ್ಮ ಮನೆಗೆ ತಂದ ಮಹಾಪುರುಷ ನಾನೇ! ಹೀಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಇಪ್ಪತ್ತೆರಡು ವರ್ಷದಿಂದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು, ಊರಿನವರ ಕಫ ರಕ್ತ ಮೂತ್ರಗಳಲ್ಲಿ ಅಡಗಿದ ಕ್ರಿಮಿಗಳನ್ನು ಕಿವಿ ಹಿಡಿದು ಹೊರಗೆಳೆದವನು ನಾನು. ನನ್ನ ಕಣ್ಣು ತಪ್ಪಿಸಿ ಒಂದೇ ಒಂದು ಬ್ಯಾಕ್ಟೀರಿಯಾ ಪೂನಮಲ್ಲಿ ಹೈರೋಡ್ ದಾಟಿದ ದಾಖಲೆ ಇಲ್ಲ. ಇಂಥ ಮುರಳೀಧರನೆಂಬ ನಾನು, 2003ರ ಬೇಸಿಗೆಯ ಒಂದು ಶನಿವಾರ, ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎದ್ದು ನಿಂತು ಘೋಷಿಸಿದೆ:

"ಇವತ್ತಿನಿಂದ, ಮೂವತ್ತು ದಿನ ಬೇರೆ ಇದ್ದು ಬಂದ ಹೊರತು, ಯಾವ ಜೀವಿಯೂ ನಮ್ಮ ದೊಡ್ಡ ತೊಟ್ಟಿಗೆ ಇಳಿಯಕೂಡದು!"

"ಆ ತೊಟ್ಟಿಗೆ ಇಳೀಬೇಕು ಅಂತ ಇಲ್ಲಿ ಯಾರು ಟವೆಲ್ ಸುತ್ತಿಕೊಂಡು ಕಾಯ್ತಿದಾರೆ?" ಎಂದಳು ನನ್ನ ಹೆಂಡತಿ ಸುಮೇಧಾ.

ದೊಡ್ಡ ತೊಟ್ಟಿ ಎಂದರೆ ನಮ್ಮ ಹಾಲ್‌ನಲ್ಲಿರುವ ಉಪ್ಪುನೀರಿನ ಅಕ್ವೇರಿಯಂ. ಮುನ್ನೂರು ಲೀಟರಿನ ಸಮುದ್ರ! ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು, ಮೂರು ನೀಲಿ ಮೀನು, ಒಂದಿಷ್ಟು ಹವಳ. ಸಿಹಿನೀರಿನಲ್ಲಿ ಮೀನು ಸಾಕುವುದು ಯಾರಿಗಾದರೂ ಬರುತ್ತದೆ. ಉಪ್ಪುನೀರಿನಲ್ಲಿ ಸಾಕಲು ಗಂಡೆದೆ ಬೇಕು. ಮನೆಗೆ ಬಂದವರು ಮೊದಲು ದೇವರಮನೆಗೆ ಕೈ ಮುಗಿಯಬೇಕೋ ಈ ತೊಟ್ಟಿಗೋ ಎಂದು ತಡವರಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನನ್ನ ಘೋಷಣೆಗೆ ಕಾರಣವಿತ್ತು. ಶೋಳಿಂಗನಲ್ಲೂರಿನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ, ಮೈಸೂರು ಕಡೆಯಿಂದ ಬಂದ ನನ್ನ ಗೆಳೆಯ ಸೀತಾರಾಮ ಅಂಗಡಿಯಿಂದ ಒಂದು ಶಂಖದ ಹುಳು ತಂದು, ನೇರವಾಗಿ ತನ್ನ ತೊಟ್ಟಿಗೆ ಬಿಟ್ಟಿದ್ದ. ಶಂಖದ ಬೆನ್ನೇರಿ ಬಂದ ರೋಗದಿಂದ ಅವನ ಮೀನುಗಳ ಮೈಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ ಎದ್ದು, ಹತ್ತು ದಿನದಲ್ಲಿ ತೊಟ್ಟಿ ಖಾಲಿ! ಫೋನಿನಲ್ಲಿ ಅವನು ಅತ್ತೇಬಿಟ್ಟ. ನಾನು ಸಮಾಧಾನ ಹೇಳಿದೆ. ಜೊತೆಗೆ, ಇಂಥದ್ದು ನನ್ನ ಮನೆಯಲ್ಲಿ ನಡೆಯುವುದು ಸಾಧ್ಯವೇ ಇಲ್ಲ ಎಂದೂ ಹೇಳಿದೆ.

ನಮ್ಮದೊಂದು ಉಪ್ಪುನೀರು ಸಂಘವಿತ್ತು. ಸದಸ್ಯರು ಒಂಬತ್ತು ಜನ, ನನ್ನನ್ನು ಬಿಟ್ಟು. ತಿಂಗಳ ನಂತರದ ಭಾನುವಾರದ ಸಭೆ ನಮ್ಮ ಮನೆಯಲ್ಲಿ ಎಂದು ಗೊತ್ತಾಗಿತ್ತು. ನಾನು ಆ ಸಭೆಗೆ ಒಂದು ಭವ್ಯ ಕಾರ್ಯಕ್ರಮ ಹೊಂದಿಸಿದೆ: ಮೊದಲು ಕ್ವಾರಂಟೈನ್ ಕುರಿತು ನನ್ನ ಉಪನ್ಯಾಸ, ಆಮೇಲೆ ಮೂವತ್ತು ದಿನ ಪೂರೈಸಿದ ಹೊಸ ಜೀವಿಗಳಿಗೆ ಎಲ್ಲರೆದುರು ದೊಡ್ಡ ತೊಟ್ಟಿಯ ಗೃಹಪ್ರವೇಶ, ಕೊನೆಗೆ ಕಾಫಿ, ಬೋಂಡಾ. ಒಂಬತ್ತು ಜನರಿಗೂ ಪತ್ರ ಬರೆದು ಪೋಸ್ಟ್ ಮಾಡಿದೆ. ಇನ್ನು ಹಿಂದೆಗೆಯುವ ಹಾಗಿರಲಿಲ್ಲ.

ಅದೇ ದಿನ ಬಣ್ಣದ ಮೀನಿನ ಅಂಗಡಿಗಳಿರುವ ಕೊಳತ್ತೂರಿಗೆ ಹೋಗಿ ಎರಡು ಸಿಗಡಿ, ಒಂದು ಶಂಖದ ಹುಳು ಕೊಂಡು ತಂದೆ. ಸಿಗಡಿ ಎಂದರೆ ಸಾರಿಗೆ ಹಾಕುವ ಜಾತಿಯಲ್ಲ! ಬೆನ್ನಮೇಲೆ ಕೆಂಪು ಪಟ್ಟೆ, ನಡುವೆ ಬಿಳಿ ಗೆರೆ, ಉದ್ದುದ್ದ ಬಿಳಿ ಮೀಸೆ. ಮೀನುಗಳ ಮೈಮೇಲಿನ ಹುಳು ಹೆಕ್ಕಿ ಶುಚಿ ಮಾಡುವ ಸಿಗಡಿ.

"ಬೀದಿಯಲ್ಲಿ ಎಲ್ಲರೂ ಸಿಗಡಿ ತಿಂತಾರೆ. ನಾವು ಸಿಗಡಿಗೆ ತಿನ್ನಿಸ್ತೀವಿ. ಎಲ್ಲಾ ನಮ್ಮ ಪ್ರಾರಬ್ಧ," ಎಂದಳು ಸುಮೇಧಾ.

"ಅವು ಕೆಲಸದವು ಕಣೇ. ಕ್ಲೀನಿಂಗ್ ಮಾಡ್ತವೆ."

"ಹಾಗಾದ್ರೆ ಎರಡು ದಿನ ಅಡುಗೆಮನೆಗೆ ಕಳಿಸಿ."

ಮಗಳು ರಂಜನಿಯ ಓದುವ ಮೇಜನ್ನು ವಶಪಡಿಸಿಕೊಂಡು ಅದರ ಮೇಲೆ ನಲವತ್ತು ಲೀಟರಿನ ಗಾಜಿನ ಪೆಟ್ಟಿಗೆ ಇಟ್ಟೆ. ರಂಜನಿ ಪ್ಲಸ್ ಟೂ, ಅಂದರೆ ನಮ್ಮ ಕಡೆಯ ಪಿಯುಸಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. "ಅಪ್ಪಾ, ನಾನ್ ಎಂಗೇ ಪಡಿಕ್ಕಿರದು?" ಎಂದು ಪುಸ್ತಕ ಎದೆಗವಚಿ ನಿಂತಳು. ಊಟದ ಮೇಜಿನ ಮೇಲೆ ಓದು, ಹಸಿವಾದರೆ ಅನುಕೂಲ, ಎಂದೆ.

ಆಮೇಲೆ ಒಂದು ದಪ್ಪ ಹಾಳೆಯಲ್ಲಿ ಹತ್ತು ಕಟ್ಟಳೆ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದೆ. ಈ ಪೆಟ್ಟಿಗೆಯ ಬಲೆ ಬೇರೆ, ಬಕೆಟ್ಟು ಬೇರೆ, ಟವೆಲ್ ಬೇರೆ. ಇಲ್ಲಿ ಅದ್ದಿದ ಕೈಯನ್ನು ದೊಡ್ಡ ತೊಟ್ಟಿಗೆ ಅದ್ದಕೂಡದು. ನನ್ನ ಹೊರತು ಯಾರೂ ಮುಟ್ಟಕೂಡದು. ಏಳನೆಯ ಕಟ್ಟಳೆಗೆ ಕೆಂಪು ಶಾಯಿ: "ತಾಮ್ರ ಬೆರೆತ ಔಷಧಿ ಕೂಡದು. ಬೆನ್ನೆಲುಬಿಲ್ಲದ ಜೀವಿಗಳಿಗೆ ತಾಮ್ರ ಕಾಲಕೂಟ ವಿಷ!" ಮೀನಿನ ರೋಗಕ್ಕೆ ಅಂಗಡಿಯವರು ಕೊಡುವ ನೀಲಿ ಔಷಧಿಯಲ್ಲಿ ತಾಮ್ರವಿರುತ್ತದೆ. ಮೀನು ತಡೆದುಕೊಳ್ಳುತ್ತದೆ, ಸಿಗಡಿ ಸಾಯುತ್ತದೆ. ಇದೆಲ್ಲ ನನಗೆ ಬಾಯಿಪಾಠ.

ಈ ಹಾಳೆಯನ್ನು ಅತ್ಯಂತ ಗಮನವಿಟ್ಟು ಓದಿದವರು ಒಬ್ಬರೇ. ನನ್ನ ಅಮ್ಮ, ಭೀಮಾಬಾಯಿ. ವಯಸ್ಸು ಎಪ್ಪತ್ತಾರು. ಮಡಿ ವಿಷಯದಲ್ಲಿ ಅವಳೇ ಸುಪ್ರೀಂ ಕೋರ್ಟು, ಅವಳ ಮೇಲೆ ಅಪೀಲಿಲ್ಲ. ಕನ್ನಡಕ ಸರಿಮಾಡಿಕೊಂಡು ಹತ್ತೂ ಓದಿ ಮುಗಿಸಿ ಕೇಳಿದಳು:

"ಏನ್ಡಾ ಮುರಳಿ, ಹೊರಗಿಂದ ಬಂದೋರನ್ನ ಬೇರೆ ಕೂರಿಸಬೇಕು. ಅವರ ಪಾತ್ರೆ ಬೇರೆ, ನೀರು ಬೇರೆ. ಮುಟ್ಟಿದ್ರೆ ತೊಳ್ಕೊಂಡು ಬರಬೇಕು. ಇಷ್ಟೇ ತಾನೆ?"

"ಇಷ್ಟೇ ಅಲ್ಲಮ್ಮ! ಇದು ಸೈನ್ಸ್!"

"ಓಹೋ," ಎಂದಳು ಅಮ್ಮ. "ನಮ್ಮ ಮನೇಲಿ ಇಷ್ಟು ದಿನ ಹೆಸರಿಲ್ಲದೆ ನಡೀತಿತ್ತು."

"ನಿನ್ನದು ನಂಬಿಕೆ, ನನ್ನದು ಪುರಾವೆ," ಎಂದು ಅವಳ ಬೆನ್ನು ತಟ್ಟಿದೆ. ಅವಳು ಮಡಿಯಲ್ಲಿದ್ದಳು. ಎರಡನೇ ಸಲ ಸ್ನಾನ ಮಾಡಿ ಬಂದಳು.

ಆ ವರ್ಷ ಎರಡನೇ ಸ್ನಾನ ಸಣ್ಣ ಮಾತಲ್ಲ. ಮದರಾಸಿನ ನಲ್ಲಿಗಳೆಲ್ಲ ಬರೀ ಗಾಳಿ ಬಿಡುತ್ತಿದ್ದ ಕಾಲ. ದಿನ ಬಿಟ್ಟು ದಿನ ನೀರಿನ ಲಾರಿ ಬಂದರೆ ಬೀದಿಯ ತುಂಬ ಕೆಂಪು, ಹಸಿರು, ನೀಲಿ ಪ್ಲಾಸ್ಟಿಕ್ ಕೊಡಗಳ ಮೆರವಣಿಗೆ. ಕುಡಿಯಲು ಕ್ಯಾನ್ ನೀರು. ನಾನು ಸಿಗಡಿಗಳಿಗೂ ಆ ಕ್ಯಾನ್ ನೀರಿನಲ್ಲೇ ಸಮುದ್ರದುಪ್ಪು ಬೆರೆಸಿ, ವಾರಕ್ಕೊಮ್ಮೆ ಅರ್ಧ ಪೆಟ್ಟಿಗೆ ನೀರು ಬದಲಿಸುತ್ತಿದ್ದೆ.

"ನಮ್ಮ ಬೋರ್‌ನಲ್ಲಿ ಬರೋದೇ ಉಪ್ಪುನೀರು. ಅದನ್ನೇ ಹಾಕಬಾರದೇ?" ಎಂದು ಸುಮೇಧಾ ಪ್ರತಿ ವಾರ ಕೇಳುತ್ತಿದ್ದಳು. ನಾನು ಪ್ರತಿ ವಾರ ನಗುತ್ತಿದ್ದೆ.

ಅಮ್ಮನಿಗೆ ಮಾತ್ರ ಕ್ಯಾನ್ ನೀರು ಆಗದು, ಲಾರಿ ನೀರು ಆಗಲೇ ಆಗದು. ನಮ್ಮ ಕಟ್ಟಡದ ಹಿಂದೆ ಒಂದು ಹಳೆಯ ಬಾವಿ. ಆ ಬರದಲ್ಲೂ ಅದರ ತಳದಲ್ಲಿ ಒಂದಿಷ್ಟು ಸಿಹಿನೀರು ಒಸರುತ್ತಿತ್ತು. ಬೆಳಿಗ್ಗೆ ಸುಮೇಧಾ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಹೋಗಿ, ಕೆಸರು ಕಲಕದ ಹಾಗೆ ಎರಡು ಕೊಡ ಸೇದಿ, ಬಟ್ಟೆಯಲ್ಲಿ ಸೋಸಿ, ಅಡುಗೆಮನೆಯ ಮೂಲೆಯ ತಾಮ್ರದ ಹಂಡೆಗೆ ಸುರಿಯಬೇಕು. ಅದು ಅಮ್ಮನ ಮಡಿ ನೀರು. ಅವಳ ಅಡುಗೆ, ಅವಳ ಪೂಜೆ, ಅವಳ ಬಾಯಾರಿಕೆ ಎಲ್ಲವೂ ಆ ಹಂಡೆಯೊಳಗೆ. ಬೇರೆ ಯಾರೂ ಅದರ ಮುಚ್ಚಳ ಸಹ ಮುಟ್ಟುವಂತಿಲ್ಲ.

ಇಪ್ಪತ್ತೇಳು ದಿನ ನನ್ನ ಪೆಟ್ಟಿಗೆಯಲ್ಲಿ ರಾಮರಾಜ್ಯ! ಸಿಗಡಿಗಳು ಮೀಸೆ ಬೀಸುತ್ತ ಗಾಜಿನ ಹತ್ತಿರ ಬಂದು ನನ್ನನ್ನು ಗುರುತಿಸುತ್ತಿದ್ದವು. ಶಂಖದ ಹುಳು ಗಾಜಿನ ಪಾಚಿ ತಿಂದು ಗೆರೆ ಎಳೆಯುತ್ತಿತ್ತು. ಮಾಂಸದಂಗಡಿ ಸಾಮಾನೆಂದು ಸಿಗಡಿಗಳ ಕಡೆ ತಿರುಗಿ ನೋಡದ ಅಮ್ಮನಿಗೆ ಶಂಖದ ಮೇಲೆ ಭಕ್ತಿ ಹುಟ್ಟಿತ್ತು. ದಿನವೂ ಬಾಗಿಲಾಚೆ ನಿಂತು, "ಶಂಖ ಎದ್ದಿತಾ?" ಎಂದು ವಿಚಾರಿಸುವಳು. ಕಟ್ಟಳೆಯನ್ನು ಅವಳಷ್ಟು ಚೆನ್ನಾಗಿ ಪಾಲಿಸಿದವರಿಲ್ಲ. ಇಪ್ಪತ್ತೇಳು ದಿನದಲ್ಲಿ ಒಮ್ಮೆಯೂ ಹೊಸಿಲು ದಾಟಲಿಲ್ಲ. ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ, ನಮ್ಮಮ್ಮನಿಗೂ ವಿಜ್ಞಾನ ಕಲಿಸಿಬಿಟ್ಟೆ ಎಂದು.

ಇಪ್ಪತ್ತೆಂಟನೆಯ ದಿನ, ಶುಕ್ರವಾರ. ಭಾನುವಾರದ ಸಭೆಗೆ ನೀರು ಸ್ಫಟಿಕದಂತೆ ಹೊಳೆಯಬೇಕು ಎಂದು ಅರ್ಧ ದಿನ ರಜೆ ಹಾಕಿ ಬಂದೆ. ಪೆಟ್ಟಿಗೆಯಿಂದ ಅರ್ಧ ನೀರು ತೆಗೆದು ಚೆಲ್ಲಿಯೂ ಬಿಟ್ಟೆ. ಆಮೇಲೆ ನೋಡಿದರೆ ಕ್ಯಾನ್ ಖಾಲಿ! ಫೋನ್ ಮಾಡಿದರೆ, "ನಾಳೈಕ್ಕು ಸಾರ್," ಎಂದು ನಾಳೆಗೆ ತಳ್ಳಿದ ಕ್ಯಾನಿನವ. ಉಳಿದ ಅರ್ಧ ನೀರಿನಲ್ಲಿ ಸಿಗಡಿಗಳು ನನ್ನ ಮುಖ ನೋಡುತ್ತಿದ್ದವು.

ಯೋಚನೆ ಮಾಡಿದೆ. ಲಾರಿ ನೀರು? ನಲವತ್ತು ಕೈ ದಾಟಿ ಬಂದದ್ದು, ಬ್ಲೀಚಿಂಗ್ ಪೌಡರ್ ಘಾಟು ಬೇರೆ. ಬೋರ್ ನೀರು? ಕಬ್ಬಿಣದ ಕಷಾಯ. ಹಾಗಾದರೆ ಈ ಮನೆಯಲ್ಲಿ ಯಾರೂ ಕೈ ಅದ್ದದ, ಯಾರೂ ಮೇಲೆ ಕೆಮ್ಮದ, ಬಟ್ಟೆಯಲ್ಲಿ ಸೋಸಿದ, ಸದಾ ಮುಚ್ಚಿಟ್ಟ ನೀರು ಯಾವುದು? ಒಬ್ಬ ಸೂಕ್ಷ್ಮಜೀವಿ ತಜ್ಞನ ಕಣ್ಣಿಗೆ ಇಡೀ ಕೀಲ್ಪಾಕಿನಲ್ಲೇ ಅತ್ಯಂತ ನಿಷ್ಕಳಂಕವಾದ ನೀರು ಯಾವುದು? ಅಡುಗೆಮನೆಯ ಮೂಲೆಯಲ್ಲಿ ಹಂಡೆ ಹೊಳೆಯಿತು. ನನ್ನ ತಲೆಯೂ ಹೊಳೆಯಿತು!

ಅಮ್ಮ ಊಟದ ಮೇಲೆ ಮಲಗಿದ್ದಳು. ಸುಮೇಧಾ ಲಾರಿ ಕ್ಯೂನಲ್ಲಿದ್ದಳು. ನಾನು ಆಫೀಸಿನ ಪ್ಯಾಂಟಿನಲ್ಲೇ, ಬೆಕ್ಕಿನ ಹೆಜ್ಜೆ ಇಡುತ್ತ ಅಡುಗೆಮನೆ ಹೊಕ್ಕೆ. ಮುಚ್ಚಳ ತೆಗೆದೆ. ಇಪ್ಪತ್ತು ಲೀಟರು ತೋಡಿದೆ. ಪೆಟ್ಟಿಗೆಯ ಬಕೆಟ್ಟಿನಲ್ಲಿ ಆಗಷ್ಟೇ ಹಳೆಯ ನೀರು ಚೆಲ್ಲಿದ್ದೆ, ಮನೆಯ ಉಳಿದ ಬಕೆಟ್ಟುಗಳೆಲ್ಲ ಸಾಬೂನು ಕಂಡವು, ಅವುಗಳಲ್ಲಿ ಉಪ್ಪು ಕಲಸುವುದು ಕಟ್ಟಳೆಗೆ ವಿರುದ್ಧ. ಪಕ್ಕದಲ್ಲೇ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿಟ್ಟ ತಾಮ್ರದ ಕೊಳಗ ಇತ್ತು. ಅದರಲ್ಲೇ ನೀರು ಸುರಿದು, ಉಪ್ಪು ಹಾಕಿ, ಗಾಳಿಯ ಪಂಪು ಬಿಟ್ಟು, ಒಂದೂವರೆ ಗಂಟೆ ಗುಳುಗುಳು ಅನ್ನಿಸಿದೆ. ಆಮೇಲೆ ಪೆಟ್ಟಿಗೆಗೆ ಸುರಿದೆ. ನೀರು ಎಂಥಾ ಹೊಳಪು! ಹಂಡೆಯ ಮಟ್ಟ ಇಳಿದದ್ದು ತಿಳಿಯಬಾರದೆಂದು ಎರಡು ಕೊಡ ಲಾರಿ ನೀರು ಅದಕ್ಕೆ ತುಂಬಿ, ಮುಚ್ಚಳ ಹಾಕಿ, ಕೊಳಗ ಒರೆಸಿಟ್ಟು ಹೊರಬಂದೆ. ಇಂಥ ಕೆಲಸ ಇಷ್ಟು ಅಚ್ಚುಕಟ್ಟಾಗಿ ಮಾಡಿದವನು ಕಳ್ಳತನದ ಲೈನಿಗೆ ಹೋಗಿದ್ದರೆ ಮುಂದೆ ಬರುತ್ತಿದ್ದ ಎಂದು ನನಗೇ ಅನ್ನಿಸಿತು.

ಶನಿವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆರೆದವನು ಹಾಗೆಯೇ ನಿಂತೆ.

ಶಂಖದ ಹುಳು ಗಾಜಿನಿಂದ ಬಿದ್ದು ತಳದಲ್ಲಿ ಮಗುಚಿಕೊಂಡಿತ್ತು. ಒಂದು ಸಿಗಡಿ ಅಡ್ಡಲಾಗಿ ಮಲಗಿ ಕಾಲು ಜಾಡಿಸುತ್ತಿತ್ತು. ಇನ್ನೊಂದು ಮೀಸೆ ಇಳಿಬಿಟ್ಟು ಮೂಲೆಗೊರಗಿತ್ತು. ಮೊದಲು ಬಗ್ಗಿ ಗಾಜು ತಟ್ಟಿ ನೋಡಿದೆ. ಆಮೇಲೆ ಒಂಬತ್ತು ಆಮಂತ್ರಣ ಪತ್ರಗಳು ಕಣ್ಣಮುಂದೆ ಸುಳಿದವು. ಆಮೇಲೆ ಸಿಟ್ಟು ಬಂತು. ನನ್ನ ಕೋಟೆಗೆ ಯಾರೋ ನುಗ್ಗಿದ್ದಾರೆ!

"ಎಲ್ಲರೂ ಹಾಲ್‌ಗೆ ಬನ್ನಿ!" ಎಂದು ಗರ್ಜಿಸಿದೆ. ವಿಚಾರಣೆ ಶುರುವಾಯಿತು.

"ಸುಮೇಧಾ, ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದ್ಯಾ?"

"ಇಲ್ಲ. ಸೊಳ್ಳೆ ಕಚ್ಚಿದ್ದು ನನಗೆ, ಸಿಗಡಿಗಲ್ಲ."

"ನೆಲಕ್ಕೆ ಫಿನಾಯಿಲ್?"

"ಫಿನಾಯಿಲ್ ಕಲಸೋಕೆ ನೀರೆಲ್ಲಿದೆ ರೀ? ಕೊಟ್ಟದ್ದೆಲ್ಲ ಅವೇ ಕುಡಿದವು! ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿಗಟ್ಟಲೆ ಸಿಗಡಿ ಸತ್ತು ಬಿದ್ದಿದೆ, ಯಾರಾದ್ರೂ ಹೆಂಡತಿ ಮೇಲೆ ಕೇಸು ಹಾಕಿದಾರಾ?"

"ರಂಜನೀ, ನೀನು ಸೆಂಟು ಹೊಡ್ಕೊಂಡು ಒಳಗೆ ಹೋಗಿದ್ಯಾ?"

"ಅಪ್ಪಾ, ಸತ್ಯಮಾ ನಾನ್ ತೊಡವೇ ಇಲ್ಲೆ!" ಎಂದು ಮಗಳು ಕಣ್ಣಲ್ಲಿ ನೀರು ತಂದುಕೊಂಡಳು. ಮುಟ್ಟಿಲ್ಲವೆಂದು ಆಣೆ ಬೇರೆ ಇಟ್ಟಳು.

ಉಳಿದವಳು ಅಮ್ಮ. ದೇವರಮನೆಯ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದಳು.

"ಅಮ್ಮ, ನೀನು ನಿನ್ನೆ ಸಾಂಬ್ರಾಣಿ ಹೊಗೆ ಹಾಕಿದ್ಯಾ? ಹೊಗೆ ನೀರಿಗಿಳಿದ್ರೆ ವಿಷ!"

"ಹಾಕಲಿಲ್ಲ. ನಿನ್ನ ವಿಚಾರಣೆ ಮುಗೀತಾ?"

"ಮುಗೀತು."

"ಹಾಗಾದ್ರೆ ನಂದು ಶುರು. ನಿನ್ನೆ ಮಧ್ಯಾಹ್ನ ನನ್ನ ಹಂಡೆ ಮುಟ್ಟಿದೋರು ಯಾರು?"

ನಾನು ದೊಡ್ಡ ತೊಟ್ಟಿಯ ಮೀನುಗಳನ್ನು ಎಣಿಸತೊಡಗಿದೆ.

"ಹಂಡೆ ನೀರಿಗೆ ಬ್ಲೀಚಿಂಗ್ ಪೌಡರ್ ವಾಸನೆ," ಎಂದಳು ಅಮ್ಮ, ಬೆರಳು ಮಡಿಸುತ್ತ. "ನೆಲದ ಮೇಲೆ ಬೂಟ್ಸ್ ಕಾಲುಚೀಲದ ಒದ್ದೆ ಗುರುತು. ಕೊಳಗದ ಒಳಗೆ ಸುತ್ತ ಬಿಳೀ ಗೆರೆ. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು. ಆ ಗೆರೆ ಮೇಲೆ ಆಗಲೇ ಹಸಿರು ಕಿಲುಬು ಕೂತಿದೆ. ಇದು ಸೈನ್ಸೋ ನಂಬಿಕೆಯೋ, ನೀನೇ ಹೇಳು."

"ಅದು... ಒಂದೇ ಒಂದು ಸಲ..."

"ಅತ್ತೆ ನಿನ್ನೆ ಸಾಯಂಕಾಲದಿಂದ ಬರೀ ಹಾಲು, ಬಾಳೆಹಣ್ಣು," ಎಂದಳು ಸುಮೇಧಾ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಇವತ್ತು ಬಾವಿಗೆ ಕೊಡ ಬಿಟ್ಟರೆ ಬರೀ ಕೆಸರು. ನಾಳೆ ಬೆಳಿಗ್ಗೆ ಒಸರೋವರೆಗೆ ಅವರಿಗೆ ತೊಟ್ಟು ನೀರಿಲ್ಲ."

ನಿನ್ನೆ ರಾತ್ರಿ ಅಮ್ಮ ಊಟಕ್ಕೇಳದಿದ್ದಾಗ ಏಕಾದಶಿ ಇರಬೇಕು ಎಂದುಕೊಂಡು ನಾನು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡಿದ್ದೆ. ಈಗ ಅದು ನೆನಪಾಯಿತು. ನಾಚಿಕೆಯಾಯಿತು. ಸುಳ್ಳಲ್ಲ, ನಿಜವಾಗಿಯೂ ನಾಚಿಕೆಯಾಯಿತು. ಎಪ್ಪತ್ತಾರರ ತಾಯಿಯ ಬಾಯಿ ನೀರು ಕಸಿದು ಸಿಗಡಿಗೆ ಹಾಕಿದ್ದೆ.

"ಅಮ್ಮ, ತಪ್ಪಾಯ್ತು. ಈ ಮನೇಲಿ ಎಲ್ಲಕ್ಕಿಂತ ಶುದ್ಧವಾದ ನೀರು ನಿನ್ನದೇ ಅಂತ..."

"ಶುದ್ಧವೇ. ಯಾಕೆ ಶುದ್ಧ? ತಾಮ್ರದಲ್ಲಿ ಇಟ್ಟ ನೀರಲ್ಲಿ ಹುಳ ಆಗಲ್ಲ ಅಂತ ನಮ್ಮತ್ತೆ ಹೇಳಿಕೊಟ್ಟಿದ್ದು. ಅಂಥಾ ನೀರಲ್ಲಿ ನೀನು ಹುಳ ಸಾಕೋಕೆ ಹೊರಟೆಯಾ?"

ರಂಜನಿ ನಿಧಾನವಾಗಿ ತಿರುಗಿ ಬಾಗಿಲ ಮೇಲಿನ ಹಾಳೆ ನೋಡಿದಳು. ಸುಮೇಧಾ ನೋಡಿದಳು. ನಾನೂ ನೋಡಿದೆ. ಏಳನೆಯ ಕಟ್ಟಳೆ, ಕೆಂಪು ಶಾಯಿ, ನನ್ನದೇ ದುಂಡು ಅಕ್ಷರ. ಬಾಟಲಿಯಲ್ಲಿ ಬರುವ ತಾಮ್ರ ನನಗೆ ಗೊತ್ತಿತ್ತು. ಹಂಡೆಯಾಗಿ ಅಡುಗೆಮನೆಯಲ್ಲಿ ಐವತ್ತು ವರ್ಷದಿಂದ ಕೂತಿದ್ದ ತಾಮ್ರ ನನಗೆ ಹೊಳೆಯಲೇ ಇಲ್ಲ! ಹಂಡೆಯಲ್ಲಿ ನಿಂತ ನೀರೇ ಸಾಲದೆಂದು ಕೊಳಗದಲ್ಲಿ ಉಪ್ಪು ಹಾಕಿ ಒಂದೂವರೆ ಗಂಟೆ ಕಲಕಿದ್ದೆ.

"ತಾಮ್ರದಲ್ಲಿ ಉಪ್ಪು, ಹುಳಿ, ಮಜ್ಜಿಗೆ ಇಡಬಾರದು ಅಂತ ಅಡುಗೆ ಕಲಿಯೋ ಹುಡುಗಿಗೂ ಗೊತ್ತು," ಎಂದಳು ಅಮ್ಮ. "ನಿನ್ನ ಲ್ಯಾಬಿನಲ್ಲಿ ಅಡುಗೆ ಕಲಿಸಲ್ಲ ಅಂತ ಕಾಣುತ್ತೆ."

ಪಶ್ಚಾತ್ತಾಪಕ್ಕೆ ಸಮಯವಿರಲಿಲ್ಲ. ಸಿಗಡಿ ಕಾಲು ಜಾಡಿಸುವುದೂ ನಿಧಾನವಾಗಿತ್ತು. ವಿಷದ ನೀರು ಪೂರ್ತಿ ಬದಲಾಗಬೇಕು. ಕ್ಯಾನ್ ಬರುವುದು ಸಂಜೆಗೆ. ನಾನು ಬಲೆ ಹಿಡಿದು ಹಾಲ್‌ಗೂ ಕೋಣೆಗೂ ಅಲೆದಾಡಿದೆ.

"ದೊಡ್ಡ ತೊಟ್ಟಿಗೇ ಹಾಕಿಬಿಡ್ತೀನಿ! ಬೇರೆ ದಾರಿ ಇಲ್ಲ!"

"ಇನ್ನೂ ಒಂದು ದಿನ ಬಾಕಿ ಇದೆ. ನೀವೇ ಬರೆದದ್ದು," ಎಂದಳು ಸುಮೇಧಾ.

"ಸತ್ತುಹೋಗ್ತವೆ ಕಣೇ!"

"ಅವನ್ನ ಯಾಕೋ ಒಳಗೆ ಕರ್ಕೊಳ್ತೀಯಾ?" ಎಂದಳು ಅಮ್ಮ, ಕೂತಲ್ಲಿಂದಲೇ. "ಒಳಗಿನ ನೀರು ತಗೊಂಡು ಹೋಗಿ ಅವಕ್ಕೆ ಹಾಕು. ಸ್ಕೂಲಿಂದ ಬಂದ ರಂಜನಿಗೆ ನಾನು ಮಡಿಯಲ್ಲೇ ದೋಸೆ ಹಾಕಲ್ವಾ? ಮೇಲಿಂದ, ತಟ್ಟೆ ಮುಟ್ಟದೆ. ಇಲ್ಲಿಂದ ಅಲ್ಲಿಗೆ ಹೋಗ್ಲಿ. ಅಲ್ಲಿಂದ ಇಲ್ಲಿಗೆ ಒಂದು ಹನಿ ಬರಬಾರದು. ಅಷ್ಟೇ."

ಬಾಯಿ ಮುಚ್ಚಿಕೊಂಡು ಹೇಳಿದ ಹಾಗೆ ಮಾಡಿದೆ. ಸುಮೇಧಾ ದೊಡ್ಡ ತೊಟ್ಟಿಯಿಂದ ಜಗ್ಗಿನಲ್ಲಿ ತೋಡಿ ಕೊಡುವುದು, ರಂಜನಿ ತಂದು ಬಾಗಿಲಲ್ಲಿ ನನ್ನ ಬಕೆಟ್ಟಿಗೆ ಮೇಲಿನಿಂದ ಹೊಯ್ಯುವುದು, ನಾನು ಹಳೆಯ ನೀರು ಚೆಲ್ಲಿ ಅದನ್ನು ತುಂಬುವುದು. ಅಮ್ಮ ಹಾಲ್‌ನ ಮಧ್ಯೆ ಕುರ್ಚಿ ಹಾಕಿಸಿಕೊಂಡು ಕೂತು, "ಜಗ್ಗು ತಾಗಿತು, ತೊಳಿ!" "ಮುರಳೀ, ಆ ಕಡೆಯೇ ಇರು!" ಎಂದು ಇಡೀ ಕಾರ್ಯಾಚರಣೆ ನಡೆಸಿದಳು. ಅಷ್ಟು ಶಿಸ್ತಿನ ಕ್ವಾರಂಟೈನ್ ಅನ್ನು ನಾನು ಯಾವ ಆಸ್ಪತ್ರೆಯಲ್ಲೂ ಕಂಡಿಲ್ಲ.

ಸಂಜೆಯ ಹೊತ್ತಿಗೆ ಮೂಲೆಗೊರಗಿದ ಸಿಗಡಿ ಮೀಸೆ ಎತ್ತಿತು. ಭಾನುವಾರ ಬೆಳಿಗ್ಗೆ ಇನ್ನೊಂದೂ ಕಾಲ ಮೇಲೆ ನಿಂತಿತು. ಶಂಖದ ಹುಳು ಮಾತ್ರ ಮುಚ್ಚಿಕೊಂಡೇ ಇತ್ತು. ಬಾವಿಯಿಂದ ಬಂದ ಮೊದಲ ಕೊಡದ ನೀರು ಕುಡಿದು ಬಾಗಿಲಿಗೆ ಬಂದ ಅಮ್ಮನೇ ಮೊದಲು ಕಂಡಳು: "ಅಗೋ, ಶಂಖ ಬಾಗಿಲು ತೆಗೀತು!" ನನಗೆ ಕಣ್ಣು ಒದ್ದೆಯಾಯಿತು. ಶಂಖಕ್ಕಾಗಿಯೋ, ಅಮ್ಮ ನೀರು ಕುಡಿದದ್ದಕ್ಕೋ ಹೇಳಲಾರೆ.

"ಹಾಗಾದರೆ ಗೃಹಪ್ರವೇಶ ಮಾಡಿಬಿಡೋಣ, ಮೂವತ್ತು ದಿನ ಆಯ್ತಲ್ಲ!" ಎಂದೆ ಉತ್ಸಾಹದಿಂದ.

"ಮಧ್ಯೆ ಕೆಟ್ಟರೆ ಮೊದಲಿಂದ ಲೆಕ್ಕ," ಎಂದಳು ಅಮ್ಮ. ಅಪೀಲಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಹತ್ತು ಗಂಟೆಗೆ ಸಂಘದ ಒಂಬತ್ತು ಜನರೂ ಬಂದರು. ಅವರನ್ನು ಕಂಡಕೂಡಲೇ, ನೋಡಿ, ನಿನ್ನೆಯ ನಾಚಿಕೆಯೆಲ್ಲ ಎಲ್ಲಿ ಹೋಯಿತೋ! ಕಾಲರ್ ಸರಿಮಾಡಿಕೊಂಡು ತಮಿಳು, ಇಂಗ್ಲಿಷು ಬೆರೆಸಿ ಒಂದು ಗಂಟೆ ಮಾತನಾಡಿದೆ. ಏಳನೆಯ ಕಟ್ಟಳೆಯನ್ನು ಮಾತ್ರ ಸ್ವಲ್ಪ ಬೇಗ ಓದಿ ಮುಗಿಸಿದೆ. ಗೃಹಪ್ರವೇಶ ಏಕಿಲ್ಲ ಎಂಬುದಕ್ಕೂ ಕಾರಣ ಹೇಳಬೇಕಲ್ಲ?

"ಮಿತ್ರರೇ, ತಾಮ್ರದ ಪಾತ್ರೆಯೂ ಎಷ್ಟು ಅಪಾಯ ಎಂಬುದನ್ನು ತೋರಿಸಲು ನಾನು ಬೇಕೆಂತಲೇ ಒಂದು ಪ್ರಯೋಗ ನಡೆಸಿದೆ. ಅತ್ಯಂತ ನಿಯಂತ್ರಿತ ಪ್ರಯೋಗ! ಜೀವಿಗಳು ಚೇತರಿಸಿಕೊಂಡಿವೆ. ಆದರೆ ವಿಜ್ಞಾನದ ಸಲುವಾಗಿ ಗೃಹಪ್ರವೇಶ ಮುಂದಕ್ಕೆ!"

ಚಪ್ಪಾಳೆ! ಅಡುಗೆಮನೆಯಿಂದ ಒಂದು ಕೆಮ್ಮು. ಸುಮೇಧಾ ಬೋಂಡಾ ತಟ್ಟೆಯನ್ನು ನನ್ನ ಮುಂದೆ ತುಸು ಜೋರಾಗಿಯೇ ಇಟ್ಟಳು.

ಸೀತಾರಾಮ ಕೈ ಎತ್ತಿದ. "ಸಾರ್, ಒಂದು ಡೌಟು. ಮನೇಲಿ ನಾನೊಬ್ಬನೇ, ತೊಟ್ಟಿ ಎರಡು. ಬೆಳಿಗ್ಗೆ ಯಾವುದರ ಕೆಲಸ ಮೊದಲು ಮಾಡೋದು?"

ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಬಾಗಿಲಿಂದ ಅಮ್ಮ ಹೇಳಿದಳು. "ಮೊದಲು ದೇವರಮನೆ, ಆಮೇಲೆ ಹಿತ್ತಿಲು. ಹಿತ್ತಿಲಿಗೆ ಹೋದೋನು ಸ್ನಾನ ಮಾಡದೆ ದೇವರಮನೆಗೆ ಬರಬಾರದು." ಉಳಿದವರಿಗೂ ತಿಳಿಯಲೆಂದು ಅದನ್ನೇ ತಮಿಳಿನಲ್ಲಿ ಹೇಳಿದಳು. ಒಂಬತ್ತು ಪೆನ್ನುಗಳು ಒಟ್ಟಿಗೆ ಓಡಿದವು. ನನ್ನ ಒಂದು ಗಂಟೆಯ ಉಪನ್ಯಾಸದಲ್ಲಿ ಯಾರೂ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ.

ಪರವಾಗಿಲ್ಲ ಎಂದುಕೊಂಡೆ. ತಾಯಿಯ ಕೀರ್ತಿ ಮಗನದೇ ಅಲ್ಲವೇ? ಎಲ್ಲರೂ ಎದ್ದು ನನ್ನ ಕೈ ಕುಲುಕಿದರು. ಸೀತಾರಾಮ ಎರಡೂ ಕೈ ಹಿಡಿದು ಬಿಡಲೇ ಇಲ್ಲ. "ಗ್ರೇಟ್ ಸಾರ್ ನೀವು! ನನ್ನ ಹೊಸ ಮೀನಿಗೂ ಮತ್ತೆ ಬಿಳಿ ಚುಕ್ಕೆ ಬಂದಿದೆ. ಈಗ ತಾನೇ ತೊಟ್ಟಿಯಲ್ಲಿ ಕೈ ಆಡಿಸಿ, ಕೈ ಕೂಡ ತೊಳೀದೆ ಹಂಗೇ ಬೈಕ್ ಹತ್ತಿ ಓಡಿ ಬಂದೆ!" ಎಂದ. ನನ್ನ ಎದೆ ಎರಡಿಂಚು ಉಬ್ಬಿತ್ತು. ಅದೇ ಉಬ್ಬಿನಲ್ಲಿ, "ಬನ್ನಿ, ನನ್ನ ಮೀನುಗಳು ಕೈಯಿಂದಲೇ ತಿನ್ನೋದನ್ನ ತೋರಿಸ್ತೀನಿ!" ಎಂದು ತೋಳು ಮಡಿಸಿ ದೊಡ್ಡ ತೊಟ್ಟಿಯ ಮುಚ್ಚಳ ಎತ್ತಿದೆ.

"ನಿಲ್ಲು!"

ಬೆರಳ ತುದಿಗೂ ನೀರಿಗೂ ಒಂದಂಗುಲ ಇತ್ತು. ಅಮ್ಮ ಕೈಯಲ್ಲಿ ಮಡಿಬಟ್ಟೆ ಒಣಹಾಕುವ ಕೋಲು ಹಿಡಿದು ಹಾಲ್‌ನ ನಡುವೆ ನಿಂತಿದ್ದಳು. ಆ ಕೋಲಿನ ತುದಿಯಿಂದ ನನ್ನ ಎದೆಯನ್ನು ತುಸು ಒತ್ತಿ, ಒಂಬತ್ತು ಜನರೆದುರು, ಹೆಜ್ಜೆ ಹೆಜ್ಜೆಯಾಗಿ ನನ್ನನ್ನು ಬಾಲ್ಕನಿಗೆ ಅಟ್ಟಿದಳು. ಸುಮೇಧಾ ಬಾಗಿಲೆಳೆದು ಚಿಲಕ ಹಾಕಿದಳು. ಗಾಜಿನಾಚೆ ಸಂಘದವರೆಲ್ಲ ಕತ್ತು ಚಾಚಿ, ನಾನು ಶಂಖದ ಹುಳುವನ್ನು ನೋಡುವಷ್ಟೇ ಆಸಕ್ತಿಯಿಂದ ನನ್ನನ್ನು ನೋಡುತ್ತಿದ್ದರು.

"ಅಮ್ಮಾ!" ಎಂದು ಕೂಗಿದೆ. "ಎಷ್ಟು ಹೊತ್ತು ಹೀಗೆ?"

ಅಮ್ಮ ಕಿಟಕಿಯ ಹತ್ತಿರ ಬಂದಳು.

"ಸಿಗಡಿಗಾದ್ರೆ ಮೂವತ್ತು ದಿನ ಸಾಕು, ಮುರಳಿ. ಅವು 'ಬೇಕೆಂತಲೇ ಪ್ರಯೋಗ ಮಾಡಿದೆ' ಅಂತ ಸುಳ್ಳು ಹೇಳಲ್ಲ. ನಿನಗೆ ಎಷ್ಟು ದಿನ ಅಂತ ನಾನು ಯೋಚನೆ ಮಾಡಿ ಹೇಳಬೇಕು."